ಹನ್ನೆರಡು ವರ್ಷ ಜೊತೆಯಲ್ಲಿದ್ದವನ ಪರಿಚಯ

ತತ್ತ್ವವಿಚಾರಕ್ಕಾಗಿ ಕೂಡುವ ಜನರ ಗುಂಪು ಯಾವುದೇ ಇರಲಿ, ಅದನ್ನು ಸತ್ಸಂಗವೆನ್ನಿ, ವಿಚಾರಗೋಷ್ಠಿಯೆನ್ನಿ, ಅಧ್ಯಯನ ಮಂಡಲಿಯೆನ್ನಿ, ಅದರಲ್ಲಿ ಎರಡು ಬಗೆಯ ಸದಸ್ಯರನ್ನು ಕಾಣಬಹುದು. ಮೊದಲನೆಯವರು ಮಾತಿನಿಂದ ಬೆಳಕಿಗೆ ಬರುವವರು. ಪ್ರಶ್ನೆ ಹಾಕುವವರು, ಖಂಡಿಸುವವರು, ಗ್ರಂಥದ ಆಧಾರ ತೋರಿಸುವವರು ಇವರು. ಎರಡನೆಯವರು ಬಹುಕಾಲದಿಂದ ತಪ್ಪದೆ ಬಂದು, ಗೋಡೆಯ ಪಕ್ಕದಲ್ಲಿ ಕುಳಿತು, ಎಲ್ಲವನ್ನೂ ಕೇಳಿ, ಕೊನೆಗೆ ಜಮಖಾನೆಯನ್ನು ಮಡಿಸಿಟ್ಟು ಮನೆಗೆ ಹೋಗುವವರು. ಮೊದಲನೆಯವರ ಹೆಸರು ಎಲ್ಲರಿಗೂ ಗೊತ್ತು. ಎರಡನೆಯವರ ಮುಖ ಎಲ್ಲರಿಗೂ ಗೊತ್ತು, ಹೆಸರು ಗೊತ್ತಿಲ್ಲ. ಊರು ಯಾವುದು, ಉದ್ಯೋಗವೇನು, ಇಷ್ಟು ವರ್ಷ ಇಲ್ಲಿಗೆ ಬಂದು ಅವರು ಪಡೆದುದೇನು ಎಂಬುದನ್ನು ಕೇಳಿದವರೇ ಇಲ್ಲ. ಸತ್ಯವನ್ನು ಅರಸುವ ಕೂಟವೊಂದು ತನ್ನ ಪಕ್ಕದಲ್ಲಿ ಕುಳಿತ ಮನುಷ್ಯನನ್ನು ಅರಿಯದೆ ಇರಬಹುದೆ? ಈ ಪ್ರಶ್ನೆಯನ್ನು ಇಂದು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ.

ಇದಕ್ಕೆ ಉದಾಹರಣೆಯನ್ನು ದೂರದಿಂದ ತರಬೇಕಾಗಿಲ್ಲ. ಹೈದರಾಬಾದಿನಿಂದ ಜಹೀರಾಬಾದು, ಹುಮನಾಬಾದುಗಳ ಮಾರ್ಗವಾಗಿ ಹೊರಟ ಬಸ್ಸು ಇನ್ನೂರು ಕಿಲೊಮೀಟರಿಗೆ ಮೊದಲೇ ಬಸವಕಲ್ಯಾಣವನ್ನು ಮುಟ್ಟುತ್ತದೆ. 1948ರವರೆಗೆ ಆ ಊರು ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅಲ್ಲಿಯ ಜನರ ರಾಜಧಾನಿ ಇದೇ ಹೈದರಾಬಾದು ಆಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಆ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಸುತ್ತ ಕೂಡಿದ ಶರಣರ ಸಮುದಾಯವನ್ನು ಕುರಿತು ಕನ್ನಡಿಗರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಅಂಬಿಗನು, ಮಡಿವಾಳನು, ಹಗ್ಗ ಹೊಸೆಯುವವನು, ತೊಗಲು ಹದಮಾಡುವವನು, ಮಂತ್ರಿ ಇವರೆಲ್ಲರೂ ಒಂದೇ ನೆಲದ ಮೇಲೆ ಕುಳಿತು ಪರತತ್ತ್ವವನ್ನು ಚರ್ಚಿಸಿದರೆಂಬ ಹೆಮ್ಮೆ ನಮ್ಮೆಲ್ಲರಿಗೂ ಉಂಟು. ಆದರೆ ಆ ಸಮುದಾಯದಲ್ಲಿಯೇ ಒಬ್ಬನನ್ನು ಹನ್ನೆರಡು ವರ್ಷ ಯಾರೂ ಗುರುತಿಸಲಿಲ್ಲವೆಂಬ ಸಂಗತಿಯನ್ನು ನೆನೆಯುವವರು ಕಡಮೆ.

ಆತನ ಹೆಸರು ಮರುಳಶಂಕರದೇವ. ಆತನು ಅಫಘಾನಿಸ್ತಾನದ ಕಡೆಯಿಂದ ಬಂದವನೆಂದು ಒಂದು ಹೇಳಿಕೆಯುಂಟು. ಎಲ್ಲಿಂದಲೇ ಬಂದಿರಲಿ, ಪರಸ್ಥಳದಿಂದ ಬಂದು ಕಲ್ಯಾಣದಲ್ಲಿ ನಿಂತವನೆಂದು ಕಥೆ ಹೇಳುತ್ತದೆ. ಮಹಾಮನೆಯಲ್ಲಿ ಶರಣರು ಪ್ರಸಾದ ಸ್ವೀಕರಿಸಿದ ಬಳಿಕ ಉಳಿದುದು ಹರಿದು ಬಂದು ಸೇರುವ ಪ್ರಸಾದಕುಂಡದ ಬಳಿ ಆತನ ವಾಸ. ಮೈಮೇಲೆ ಎಚ್ಚರವಿಲ್ಲದವನಂತೆ ಇರುತ್ತಿದ್ದ ಆತನನ್ನು ಜನರು ಮರುಳನೆಂದೇ ತಿಳಿದರು. ಹೀಗೆ ಹನ್ನೆರಡು ವರ್ಷಗಳು ಕಳೆದುವು. ಒಳಗೆ ನಿತ್ಯವೂ ಅನುಭಾವಗೋಷ್ಠಿ, ಹೊರಗೆ ನಿತ್ಯವೂ ಈ ಮೌನಿ. ಅಲ್ಲಮಪ್ರಭುಗಳು ಕಲ್ಯಾಣಕ್ಕೆ ಬಂದಾಗ ಆತನನ್ನು ಕಂಡು, ಇವನು ಮರುಳನಲ್ಲ, ಪರಿಪಕ್ವನಾದ ಪ್ರಸಾದಿ ಎಂದು ಬಸವಣ್ಣನವರಿಗೆ ತೋರಿಸಿಕೊಟ್ಟರಂತೆ. ಮನೆಯಂಗಳದಲ್ಲಿಯೇ ಇದ್ದ ಮಹಾನುಭಾವನನ್ನು ತಾವು ಅರಿಯದೆ ಹೋದೆವಲ್ಲಾ ಎಂದು ಬಸವಣ್ಣನವರು ಪರಿತಪಿಸಿದರಂತೆ. ‘ಶೂನ್ಯಸಂಪಾದನೆ’ಯಲ್ಲಿ ಈ ಪ್ರಸಂಗಕ್ಕೆ ಒಂದು ಪ್ರತ್ಯೇಕ ಭಾಗವೇ ಮೀಸಲಾಗಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಶೂನ್ಯಸಂಪಾದನೆಯು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲು ಸಂಕಲಿತವಾಗಿ, ಅನಂತರ ಗೂಳೂರು ಸಿದ್ಧವೀರಣ್ಣನೇ ಮೊದಲಾದವರಿಂದ ಪರಿಷ್ಕೃತವಾದ ಗ್ರಂಥ. ಎಂದರೆ ಘಟನೆಗೂ ಬರಹಕ್ಕೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವುಂಟು. ಅನುಭವಮಂಟಪವೆಂಬುದು ಒಂದು ಕಟ್ಟಡವಾಗಿತ್ತೆ, ಅಥವಾ ಒಂದು ಕೂಟದ ಹೆಸರೆ ಎಂಬುದರಲ್ಲಿಯೂ ವಿದ್ವಾಂಸರೊಳಗೆ ಭಿನ್ನಾಭಿಪ್ರಾಯವಿದೆ. ಆದುದರಿಂದ ಮರುಳಶಂಕರದೇವನ ಕಥೆಯನ್ನು ದಫ್ತರದ ದಾಖಲೆಯಂತೆ ಓದತಕ್ಕದ್ದಲ್ಲ. ಆದರೂ ಒಂದು ಮಾತನ್ನು ಗಮನಿಸಬೇಕು. ತಮ್ಮ ಹಿರಿಯರ ಕೀರ್ತಿಯನ್ನು ಹಾಡಲೆಂದೇ ಗ್ರಂಥ ಕಟ್ಟಿದವರು, ಆ ಹಿರಿಯರ ಕಣ್ಣಿಗೂ ತಪ್ಪಿಹೋದ ಒಬ್ಬನಿದ್ದನೆಂಬುದನ್ನು ಮುಚ್ಚಿಡಲಿಲ್ಲ. ಅದಕ್ಕೆ ವಿಶೇಷ ಸ್ಥಾನವನ್ನೇ ಕೊಟ್ಟರು. ಎಂತಹ ಶ್ರೇಷ್ಠ ಕೂಟದಲ್ಲಿಯೂ ಈ ಲೋಪ ಒದಗಬಹುದೆಂಬುದನ್ನು ಅವರು ಅರಿತಿದ್ದರು.

ಲೋಪಕ್ಕೆ ಕಾರಣ ಯಾರ ದುರ್ಬುದ್ಧಿಯೂ ಅಲ್ಲ. ಹೊಸಬನು ಬಂದರೆ ನಾವು ವಿಚಾರಿಸುತ್ತೇವೆ. ಬಹಳ ದಿನದಿಂದ ಇರುವವನನ್ನು ವಿಚಾರಿಸಲು ಸಂಕೋಚ ಅಡ್ಡಬರುತ್ತದೆ. ಮೊದಲ ವಾರದಲ್ಲಿ ಕೇಳದೆ ಬಿಟ್ಟ ಹೆಸರನ್ನು ಐದನೆಯ ವರ್ಷದಲ್ಲಿ ಕೇಳುವುದು ಹೇಗೆ? ಇದು ಒಂದು ಕಾರಣ. ಮತ್ತೊಂದು, ತತ್ತ್ವದ ಕೂಟಗಳಲ್ಲಿ ಮಾತೇ ನಾಣ್ಯ. ಮಾತನಾಡದವನ ಬಳಿ ಏನೂ ಇಲ್ಲವೆಂದು ಎಣಿಸುವುದು ಸುಲಭ. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಒಬ್ಬನು ಯಾವ ಪಕ್ಷದವನು, ದ್ವೈತಿಯೋ ಅದ್ವೈತಿಯೋ, ಆಸ್ತಿಕನೋ ನಾಸ್ತಿಕನೋ ಎಂಬುದು ತಿಳಿದ ಕೂಡಲೇ ಅವನನ್ನು ತಿಳಿದಂತಾಯಿತೆಂದು ಭಾವಿಸುತ್ತೇವೆ. ಅಭಿಪ್ರಾಯವು ಮನುಷ್ಯನ ಅಂಗಿ ಮಾತ್ರ. ಅಂಗಿಯ ಬಣ್ಣ ಗೊತ್ತಾದುದರಿಂದ ಒಳಗಿನವನ ಪರಿಚಯವಾಗದು.

ಹಾಗಾದರೆ ಹಳೆಯ ಸದಸ್ಯನೊಬ್ಬನನ್ನು ಅರಿಯುವ ಬಗೆ ಯಾವುದು? ಇದಕ್ಕೂ ಕಲ್ಯಾಣವೇ ಉತ್ತರ ಕೊಡುತ್ತದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಮಾರಯ್ಯ ಮತ್ತು ಲಕ್ಕಮ್ಮ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆದುದರಿಂದಲೇ ಆಯ್ದಕ್ಕಿ ಮಾರಯ್ಯನೆಂಬ ಹೆಸರು. ಒಂದು ದಿನ ಅನುಭಾವದ ಮಾತಿನಲ್ಲಿ ಮೈಮರೆತು ಆತನು ಕಾಯಕದ ಹೊತ್ತನ್ನು ಮರೆತನು. ಮಡದಿ ಲಕ್ಕಮ್ಮನು, ತತ್ತ್ವದ ಮಾತು ಸಾಕು, ಕಾಯಕ ನಿಂತಿದೆ, ಏಳು ಎಂದು ಎಚ್ಚರಿಸಿದಳು. ಆತನು ಅವಸರದಿಂದ ಹೋಗಿ ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ನಮಗೆ ಇಷ್ಟು ಬೇಡ, ಮಿಕ್ಕುದನ್ನು ಅಲ್ಲಿಯೇ ಹಾಕಿ ಬಾ ಎಂದು ಹಿಂದಕ್ಕೆ ಕಳುಹಿಸಿದಳು. ಮಾರಯ್ಯನ ಸುಮಾರು ಮೂವತ್ತು ವಚನಗಳೂ ಲಕ್ಕಮ್ಮನ ಸುಮಾರು ಇಪ್ಪತ್ತೈದು ವಚನಗಳೂ ಇಂದು ನಮಗೆ ದೊರೆತಿವೆ. ಅವುಗಳನ್ನು ಎಷ್ಟು ಓದಿದರೂ, ಆ ಅಕ್ಕಿಯ ಸಂಗತಿಯನ್ನು ತಿಳಿಯದವನು ಆ ದಂಪತಿಗಳನ್ನು ತಿಳಿದವನಲ್ಲ. ಗೋಷ್ಠಿಯಲ್ಲಿ ಮನುಷ್ಯನು ಏನು ಹೇಳುತ್ತಾನೆಂಬುದಕ್ಕಿಂತ, ಗೋಷ್ಠಿ ಮುಗಿದ ಮೇಲೆ ಮನೆಗೆ ಏನನ್ನು ಒಯ್ಯುತ್ತಾನೆ, ಏನನ್ನು ಹಿಂದಕ್ಕೆ ಕೊಡುತ್ತಾನೆ ಎಂಬುದರಲ್ಲಿ ಅವನ ತತ್ತ್ವ ತಿಳಿಯುತ್ತದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯುಂಟು. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸುವ ಮಾತು ಇಂದು ಕನ್ನಡನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಕಚೇರಿಗಳ ಗೋಡೆಗಳ ಮೇಲೂ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆಯೂ ಅದನ್ನು ಬರೆದು ತೂಗುಹಾಕುತ್ತಾರೆ. ಕೆಳಗೆ ಬಹುಮಟ್ಟಿಗೆ ಬಸವಣ್ಣನವರ ಹೆಸರಿರುತ್ತದೆ. ಆದರೆ ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬಸವಣ್ಣನವರಿಗೆ ಈ ಒಂದು ಮಾತಿನ ಕೀರ್ತಿಯಿಂದ ಆಗಬೇಕಾದುದೇನೂ ಇಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ ಅವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು, ಅದು ಯುಕ್ತವೇ. ಆದರೆ ನೆಲದ ಮೇಲಿನ ಅಕ್ಕಿಯನ್ನು ಆಯ್ದು ಬದುಕಿದವನು ದುಡಿಮೆಯನ್ನು ಕುರಿತು ಆಡಿದ ಮಾತಿಗೂ, ಮಂತ್ರಿಪದವಿಯಲ್ಲಿದ್ದವರು ಅದನ್ನೇ ಆಡಿದ್ದರೆ ಆಗುತ್ತಿದ್ದ ಮಾತಿಗೂ ತೂಕದಲ್ಲಿ ಭೇದವಿಲ್ಲವೆ? ಸದಸ್ಯನನ್ನು ಅರಿಯದೆ ಅವನ ಮಾತನ್ನು ಮಾತ್ರ ಎತ್ತಿಕೊಂಡರೆ, ಮಾತು ಉಳಿಯುತ್ತದೆ, ಅದರ ಅರ್ಧ ಬೆಲೆ ಕಳೆದುಹೋಗುತ್ತದೆ.

ಸತ್ಯವನ್ನು ಯಾರು ಹೇಳಿದರೇನು, ಮಾತು ಸರಿಯಾಗಿದ್ದರೆ ಸಾಲದೆ, ಹೇಳಿದವನ ಊರುಕೇರಿ ನಮಗೇಕೆ ಎಂದು ಕೆಲವರು ಕೇಳಬಹುದು. ಗಣಿತದ ಮಟ್ಟಿಗೆ ಈ ಆಕ್ಷೇಪ ಸರಿ. ಲೆಕ್ಕ ಬಿಡಿಸಿದವನು ಸೆರೆಮನೆಯಲ್ಲಿದ್ದರೂ ಉತ್ತರ ಬದಲಾಗದು. ಆದರೆ ಹೇಗೆ ಬಾಳಬೇಕೆಂಬ ಪ್ರಶ್ನೆಗೆ ಕೊಟ್ಟ ಉತ್ತರದ ಪರೀಕ್ಷೆ ಬಾಳಿನಲ್ಲಿಯೇ ಆಗಬೇಕು. ಸಹನೆಯೇ ಶ್ರೇಷ್ಠವೆಂದು ವಾದಿಸುವವನು ಸಹಿಸಬೇಕಾದ ಸಂದರ್ಭವನ್ನು ಕಂಡವನೇ ಎಂಬುದನ್ನು ಕೇಳುವವನು ಅಪ್ರಸ್ತುತ ಪ್ರಶ್ನೆ ಹಾಕಿದಂತಾಗುವುದಿಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನು, ಗುರುವಾಗಲಿ ಜಂಗಮನಾಗಲಿ ಕಾಯಕದಿಂದ ಬಿಡುಗಡೆ ಹೊಂದಲಾರರೆಂದು ವಾದಿಸಿದಾಗ, ಅವನ ಅಂಗೈಯ ದಡ್ಡುಗಳೇ ಅವನ ಪ್ರಮಾಣಗಳಾಗಿದ್ದುವು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಗೌರವ ಸಲ್ಲಬೇಕು. ತಾನು ಅಜ್ಞಾತನಾಗಿರಬೇಕೆಂದೇ ಬಯಸುವವನನ್ನು ಬೆಳಕಿಗೆಳೆಯುವುದು ಸರಿಯೆ? ಮರುಳಶಂಕರದೇವನು ತಾನಾಗಿ ಮರೆಯಲ್ಲಿದ್ದವನು. ವಚನಕಾರರು ತಮ್ಮ ವಚನಗಳ ಕೊನೆಯಲ್ಲಿ ತಮ್ಮ ಹೆಸರನ್ನು ಇಡದೆ ಇಷ್ಟದೈವದ ಅಂಕಿತವನ್ನು ಇಟ್ಟರು. ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಹೆಸರನ್ನು ಹಿಂದಕ್ಕೆ ಸರಿಸುವುದೇ ಅವರ ಸಾಧನೆಯ ಒಂದು ಅಂಗವಾಗಿತ್ತು. ಆದುದರಿಂದ ಪರಿಚಯವೆಂದರೆ ಕೆದಕುವುದಲ್ಲ. ಜಾತಿ, ಸಂಬಳ, ಮನೆಯ ಕಷ್ಟ ಇವುಗಳನ್ನು ಬಗೆದು ಕೇಳುವುದು ಪರಿಚಯವಲ್ಲ, ಪಂಚನಾಮೆ. ‘ತಾವು ಇಲ್ಲಿಗೆ ಬರಲು ಮೊದಲು ಮಾಡಿದುದು ಏಕೆ? ಯಾವ ಪ್ರಶ್ನೆ ತಮ್ಮನ್ನು ಇಷ್ಟು ವರ್ಷ ಇಲ್ಲಿ ನಿಲ್ಲಿಸಿದೆ?’ ಈ ಎರಡನ್ನು ಕೇಳಿ ಸುಮ್ಮನಿರುವುದು ಪರಿಚಯ. ಉತ್ತರ ಕೊಡುವುದೂ ಬಿಡುವುದೂ ಅವರ ಇಷ್ಟ. ಕೇಳುವವರು ಇದ್ದಾರೆಂಬುದು ಅವರಿಗೆ ಗೊತ್ತಿರಬೇಕು, ಅಷ್ಟೆ.

ಈ ವಿಷಯ ಹೈದರಾಬಾದಿನ ಕನ್ನಡಿಗರಿಗೆ ವಿಶೇಷವಾಗಿ ಸೇರಿದುದೇಕೆಂಬುದನ್ನು ಹೇಳಿ ಮುಗಿಸುತ್ತೇವೆ. ಹೊಟ್ಟೆಯ ಪಾಡಿಗಾಗಿ ಉಡುಪಿ ಕುಂದಾಪುರಗಳಿಂದ, ಬೀದರ ರಾಯಚೂರುಗಳಿಂದ ಇಲ್ಲಿಗೆ ಬಂದವರು, ಹಗಲೆಲ್ಲ ದೋಸೆಯ ಕಾವಲಿಯ ಮುಂದೆ, ಗಲ್ಲಾದ ಮುಂದೆ, ಲೆಕ್ಕದ ಪುಸ್ತಕದ ಮುಂದೆ ಕಳೆದವರು, ಹೆಸರಿನಿಂದ ಕರೆಯಿಸಿಕೊಳ್ಳುವುದೇ ಅಪರೂಪ. ಗಿರಾಕಿಗೆ ಅವರು ಮಾಣಿ ಅಥವಾ ಸಪ್ಲೈಯರ್, ಮೇಲಧಿಕಾರಿಗೆ ಗುಮಾಸ್ತ. ಅಂತಹವರು ವಾರಕ್ಕೊಮ್ಮೆ, ಮೈದಣಿವನ್ನು ಲೆಕ್ಕಿಸದೆ, ಭಜನೆಗೋ ಉಪನ್ಯಾಸಕ್ಕೋ ಗೀತಾಪಠನಕ್ಕೋ ವಚನಗೋಷ್ಠಿಗೋ ಬಂದು ಕೂರುವುದು ಕೇವಲ ಕಾಲಕ್ಷೇಪಕ್ಕಲ್ಲ. ಅಲ್ಲಿಯಾದರೂ ತಾವು ಮನುಷ್ಯರಾಗಿ ಎಣಿಕೆಗೆ ಬರುವೆವೆಂಬ ಆಸೆ ಅದರಲ್ಲಿ ಉಂಟು. ಅಲ್ಲಿಯೂ ವೇದಿಕೆಯ ಮೇಲಿನವರಿಗೆ ಹಾರ, ಮೂಲೆಯಲ್ಲಿ ಕುಳಿತವರಿಗೆ ಜಮಖಾನೆ ಮಡಿಸುವ ಕೆಲಸ ಎಂದಾದರೆ, ಹೋಟೆಲಿಗೂ ಗೋಷ್ಠಿಗೂ ಏನು ವ್ಯತ್ಯಾಸ?

ಆದುದರಿಂದ ನಮ್ಮ ಸೂಚನೆಯಿದು. ನಗರದ ಕನ್ನಡ ಸಂಘಗಳೂ ಸತ್ಸಂಗಗಳೂ ತಿಂಗಳಿಗೊಮ್ಮೆ ಹೊರಗಿನ ಉಪನ್ಯಾಸಕರನ್ನು ಕರೆಯದೆ, ತಮ್ಮಲ್ಲಿಯೇ ಬಹುಕಾಲದಿಂದ ಬರುತ್ತಿರುವ ಒಬ್ಬರನ್ನು ಅರ್ಧ ಗಂಟೆ ಮಾತನಾಡಲು ಕೇಳಿಕೊಳ್ಳಲಿ. ಭಾಷಣ ಬೇಡ. ತಮ್ಮ ಪ್ರಶ್ನೆಯೇನು, ಅದು ಹುಟ್ಟಿದ್ದೆಲ್ಲಿ, ದುಡಿಮೆಯ ನಡುವೆ ಅದನ್ನು ಹೇಗೆ ಕಾಪಾಡಿಕೊಂಡರು ಎಂಬಿಷ್ಟು ಸಾಕು. ವೇದಿಕೆಗೆ ಏರಲು ಹಿಂಜರಿಯುವವರ ಬಳಿಗೆ ಒಬ್ಬ ಕಿರಿಯನು ಹೋಗಿ ಕೇಳಿ ಬರೆದುಕೊಳ್ಳಲಿ. ಅವರ ಒಪ್ಪಿಗೆಯಿಂದ ಅದೊಂದು ಪುಸ್ತಕದಲ್ಲಿ ಸಂಗ್ರಹವಾಗಲಿ. ಕೆಲಸದ ಪಾಳಿಯಿಂದ ಬರಲಾರದವರಿಗಾಗಿ ಗೋಷ್ಠಿಯ ವೇಳೆಯನ್ನು ಕೆಲವೊಮ್ಮೆ ರಾತ್ರಿ ಹೋಟೆಲು ಮುಚ್ಚಿದ ಬಳಿಕ ಇರಿಸಿಕೊಳ್ಳಲಿ. ಇದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮತ್ತು ಕೊಂಚ ತಾಳ್ಮೆ.

ಬರೆದಿಡುವ ಕೆಲಸವನ್ನು ಅಲ್ಪವೆಂದು ಎಣಿಸಬಾರದು. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಹೊಗೆ ಹಿಡಿದು ಬಿದ್ದಿದ್ದ ತಾಳೆಗರಿಗಳನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಮಾಡಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿ, 1964ರಲ್ಲಿ ತೀರಿಕೊಳ್ಳುವವರೆಗೆ ಇದೊಂದೇ ಕೆಲಸಕ್ಕೆ ಬಾಳನ್ನು ಸವೆಸಿದುದರಿಂದ, ಹೆಸರು ಮಾತ್ರ ಉಳಿದಿದ್ದ ಅಥವಾ ಹೆಸರೂ ಅಳಿದಿದ್ದ ಎಷ್ಟೋ ಮಂದಿ ಕಾಯಕಜೀವಿಗಳು ನಮಗೆ ಪರಿಚಿತರಾದರು. ಅವರು ಹುಡುಕಿದುದು ಏಳುನೂರು ವರ್ಷಗಳ ಹಿಂದಿನವರನ್ನು, ಅದೂ ಹುಳು ತಿಂದ ಗರಿಗಳಲ್ಲಿ. ನಾವು ಪರಿಚಯ ಮಾಡಿಕೊಳ್ಳಬೇಕಾದವರು ಇನ್ನೂ ಬದುಕಿದ್ದಾರೆ. ಕಿವಿ ಕೇಳುತ್ತದೆ, ಬಾಯಿ ಬರುತ್ತದೆ. ಊರಿಗೆ ಮರಳುವ ದಿನ ಬಂದು, ಒಂದು ಟ್ರಂಕನ್ನು ಹಿಡಿದು ಕಾಚಿಗುಡದಲ್ಲಿ ರೈಲು ಹತ್ತಿದ ಮೇಲೆ ಅವರನ್ನು ಎಲ್ಲಿ ಹುಡುಕೋಣ?

ಅಲ್ಲಮಪ್ರಭುಗಳಂತಹವರು ಬಂದು ತೋರಿಸಿಕೊಡಲಿ ಎಂದು ಪ್ರತಿಯೊಂದು ಕೂಟವೂ ಹನ್ನೆರಡು ವರ್ಷ ಕಾಯಬೇಕಾಗಿಲ್ಲ. ಬರುವ ಭಾನುವಾರ ಗೋಷ್ಠಿ ಮುಗಿದಾಗ, ಜಮಖಾನೆಯ ಇನ್ನೊಂದು ತುದಿಯನ್ನು ನಾವು ಹಿಡಿದರೆ ಮಾತು ತಾನಾಗಿಯೇ ಮೊದಲಾಗುವುದು.