ಬಣ್ಣ ಅಕೇರಿಗೆ, ಎಂಜಿನು ಸುರುವಿಂಗೆ



ಈ ಸರ್ತಿ ಆನು ಬರವದು ಅಡಿಗೆ ವಿಷಯ ಅಲ್ಲ, ಹಳೆ ಬೈಕಿನ ವಿಷಯ. ನೆಗೆ ಮಾಡೆಡಿ. ಕೊಟ್ಟಗೆಲಿ ಧೂಳು ತಿಂದೊಂಡಿದ್ದ ಅಜ್ಜನ ಕಾಲದ ಬೈಕಿನ ಹೆರ ತೆಗದು ರಿಪೇರಿ ಮಾಡ್ಸುವ ಮರುಳು ಈಗ ಸುಮಾರು ಮನೆಲಿ ಸುರು ಆಯಿದು. ಪೈಸೆ ಹೋಪದು ಮನೆಯ ಅಡಕ್ಕೆ ಲೆಕ್ಕಂದ. ಅದರಲ್ಲಿ ಕೂದು ಹೋಪದು ನಮ್ಮ ಮಕ್ಕೊ. ಅಂಬಗ "ಅದು ಗೆಂಡುಮಕ್ಕಳ ವಿಷಯ" ಹೇಳಿ ನಾವು ಸುಮ್ಮನೆ ಕೂಪಲಾಗ. ಎನ್ನ ಅಭಿಪ್ರಾಯ ಇಷ್ಟೇ: ಸುರುವಾಣ ಪೈಸೆ ಎಂಜಿನಿನ ಒಳಂಗೆ ಹೋಯೆಕ್ಕು. ಬಣ್ಣ, ಕ್ರೋಮು ಎಲ್ಲ ಅಕೇರಿಗೆ.

ನಮ್ಮ ಹೊಡೆಲಿ ಹೀಂಗೆ ಕೊಟ್ಟಗೆಂದ ಹೆರ ಬಪ್ಪದು ಹೆಚ್ಚಾಗಿ ಯೆಜ್ಡಿ. ಅದು ನಮ್ಮ ರಾಜ್ಯಲ್ಲೇ ಹುಟ್ಟಿದ ಬೈಕು. ಮೈಸೂರಿನ ಯಾದವಗಿರಿಲಿ ಐಡಿಯಲ್ ಜಾವಾ ಹೇಳುವ ಫ್ಯಾಕ್ಟರಿ ಇದ್ದತ್ತು. 1960ರ ದಶಕಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪೆನಿಯ ಲೈಸೆನ್ಸಿಲಿ ಬೈಕು ಮಾಡ್ಲೆ ಸುರು ಮಾಡಿದವು, ಮತ್ತೆ ಯೆಜ್ಡಿ ಹೇಳಿ ಹೆಸರು ಬಂತು. ರೋಡ್‌ಕಿಂಗ್ ಬಂದದು 1978ರಲ್ಲಿ. 1996ರಲ್ಲಿ ಫ್ಯಾಕ್ಟರಿಗೆ ಬಾಗಿಲು ಹಾಕಿದವು. 2022ರಿಂದ ಯೆಜ್ಡಿ ಹೇಳುವ ಹೆಸರಿಲಿ ಬಪ್ಪದು ಬೇರೆಯೇ ಎಂಜಿನು, ಫೋರ್ ಸ್ಟ್ರೋಕ್. ಅದರ ಸಾಮಾನು ಹಳತ್ತಕ್ಕೆ ಆಗ.

ಎಂಗಳ ಮಾವಂಗೂ ಒಂದು ರೋಡ್‌ಕಿಂಗ್ ಇದ್ದು. ಅಡಕ್ಕೆ ಗೋಣಿ, ಹಿಂಡಿ, ಬಾಳೆಗೊನೆ ಎಲ್ಲ ಅದರಲ್ಲೇ ಬಂದುಗೊಂಡಿದ್ದತ್ತು. ಕಿಕ್ ಹೊಡವ ಲಿವರೂ ಗೇರು ಹಾಕುವ ಲಿವರೂ ಒಂದೇ. ಅದರ ಕಲಿವಲೆ ಇವಕ್ಕೆ ಒಂದು ವಾರ ಬೇಕಾಯಿದಡ. ಒಂದು ಸಿಲಿಂಡರಿಂಗೆ ಎರಡು ಸೈಲೆನ್ಸರು. ಗೇಟಿನ ಹತ್ತರೆ ಬಪ್ಪಗಳೇ ಅತ್ತೆ ಚಾಯಕ್ಕೆ ನೀರು ಮಡುಗುಗು. ಹಾಂಗಿಪ್ಪದರ ಗುಜರಿಗೆ ಕೊಡ್ಲೆ ಮನಸ್ಸು ಬಾರ, ಅದೆನಗೂ ಗೊಂತಿದ್ದು.

ಆದರೆ ಮನಸ್ಸು ಬೇರೆ, ಎಂಜಿನು ಬೇರೆ. ಎನ್ನ ತಮ್ಮನ ಮಗ ಇನ್ನೊಂದು ಯೆಜ್ಡಿ ತಂದು ಪೇಟೆಯ ಒಂದು ಅಂಗಡಿಗೆ ಕೊಟ್ಟಿತ್ತಿದ್ದ. ಅವು ಟಾಂಕಿಂಗೆ ಕೆಂಪು ಬಣ್ಣ, ಚಕ್ರಕ್ಕೆ ಹೊಸ ಕಡ್ಡಿ, ಸೈಲೆನ್ಸರಿಂಗೆ ಮೋರೆ ಕಾಂಬಷ್ಟು ಕ್ರೋಮು ಎಲ್ಲ ಮಾಡಿ ಕೊಟ್ಟವು. ಎಂಜಿನಿನ ಹೆರಂದ ಉಜ್ಜಿ ಹೊಳೆಶಿದ್ದು ಮಾಂತ್ರ. ಮೂರನೇ ತಿಂಗಳಿಲಿ, ಏರಿನ ಮಾರ್ಗಲ್ಲಿ ಹೋಪಗ ಎಂಜಿನು ಹಿಡುದತ್ತು, ಹಿಂದಾಣ ಚಕ್ರ ಕಟ್ಟಿ ನಿಂದತ್ತು. ಮಾಣಿ ಪಕ್ಕನೆ ಕ್ಲಚ್ ಒತ್ತಿದ ಕಾರಣ ಬಿದ್ದಿದಿಲ್ಲೆ. ಹಿಂದೆ ಒಂದು ಲಾರಿ ಇದ್ದತ್ತಡ. ಅದರ ಕೇಳಿದ ಮತ್ತೆ ತಮ್ಮನ ಹೆಂಡತ್ತಿಗೆ ಎರಡು ದಿನ ಊಟ ಸೇರಿದ್ದಿಲ್ಲೆ.

ಎಂತಕೆ ಹಾಂಗಾತು ಹೇಳಿ ಅರ್ಥ ಮಾಡಿಗೊಂಬಲೆ ಕುಕ್ಕರಿನ ನೆಂಪು ಮಾಡಿ. ಗ್ಯಾಸ್ಕೆಟ್ ಸಡಿಲ ಆದರೆ ಒತ್ತಡ ನಿಲ್ಲುತ್ತಿಲ್ಲೆ, ಸೀಟಿ ಬತ್ತಿಲ್ಲೆ, ಕುಕ್ಕರು ಹೆರಂದ ಎಷ್ಟು ಹೊಳದರೂ ಅಶನ ಬೇಯ್ತಿಲ್ಲೆ. ಯೆಜ್ಡಿ ಎಂಜಿನುದೆ ಹಾಂಗೆ, ಅದು ಟೂ ಸ್ಟ್ರೋಕ್. ಪೆಟ್ರೋಲು, ಗಾಳಿ ಬೆರಕ್ಕೆ ಆದ್ದು ಸೀದ ಸಿಲಿಂಡರಿಂಗೆ ಹೋವುತ್ತಿಲ್ಲೆ. ಮದಾಲು ಕೆಳ, ಕ್ರಾಂಕ್ ತಿರುಗುವ ಗೂಡಿಂಗೆ ಬತ್ತು. ಪಿಸ್ಟನು ಕೆಳ ಇಳಿವಗ ಅದರ ಒತ್ತಿ ಮೇಲೆ ಕಳುಸುತ್ತು. ಆ ಗೂಡಿಲಿ ಗಾಳಿ ಹೋಪ ಎಡೆ ಇಪ್ಪಲಾಗ. ಕ್ರಾಂಕಿನ ಎರಡು ಹೊಡೆಲಿಯುದೆ ರಬ್ಬರಿನ ಆಯಿಲ್ ಸೀಲು ಇಪ್ಪದು ಅದಕ್ಕೇ. ಬೈಕು ವರ್ಷಗಟ್ಲೆ ನಿಂದರೆ ಈ ರಬ್ಬರು ಒಣಗಿ ಗಟ್ಟಿ ಆವುತ್ತು. ಓಡದ್ದೆ ಇದ್ದರುದೆ ಹಾಳಾವುತ್ತು.

ಕ್ಲಚ್ ಹೊಡೆಯ ಸೀಲು ಹೋದರೆ ಅಲ್ಯಾಣ ಎಣ್ಣೆಯ ಎಂಜಿನು ಒಳಂಗೆ ಎಳೆತ್ತು. ಬೆಳಿ ಹೊಗೆ ನಿಲ್ಲುತ್ತಿಲ್ಲೆ, ಪ್ಲಗ್ಗು ಚೆಂಡಿ ಆವುತ್ತು. ಇದು ಕಣ್ಣಿಂಗೆ ಕಾಣ್ತ ರೋಗ. ಇನ್ನೊಂದು ಹೊಡೆಯ ಸೀಲು ಹೋದರೆ ಹೆರಾಣ ಗಾಳಿಯ ಎಳೆತ್ತು. ಇದಕ್ಕೆ ಹೊಗೆ ಇಲ್ಲೆ. ಆಕ್ಸಿಲೇಟರು ಬಿಟ್ಟರುದೆ ಎಂಜಿನು ಇಳಿಯದ್ದೆ ಓಡಿಗೊಂಡೇ ಇದ್ದರೆ ಅದೇ ಇದರ ಗುರ್ತ. ಈ ಎಂಜಿನಿನ ಪಿಸ್ಟನಿಂಗೆ ಎಣ್ಣೆ ಸಿಕ್ಕುದು ಪೆಟ್ರೋಲಿಂಗೆ ಬೆರಸಿದ್ದರಿಂದಲೇ. ಗಾಳಿ ಹೆಚ್ಚಾಗಿ ಪೆಟ್ರೋಲು ಕಮ್ಮಿ ಆದರೆ ಎಣ್ಣೆಯುದೆ ಕಮ್ಮಿ ಆತು. ಬೆಶಿ ಏರಿ ಪಿಸ್ಟನು ಸಿಲಿಂಡರಿಂಗೆ ಹಿಡಿತ್ತು. ತಮ್ಮನ ಮಗಂಗೆ ಆದ್ದು ಇದುವೇ. ಪುನಾ ಬಿಡುಸಿ ನೋಡಿಯಪ್ಪಗ ಹಳೆ ಸೀಲು ಕಡ್ಲೆಬೀಜದ ಚೋಲಿಯ ಹಾಂಗೆ ಹುಡಿ ಆಗಿತ್ತಡ.

ಸೀಲಿನೊಟ್ಟಿಂಗೆ ಕ್ರಾಂಕಿನ ಬೇರಿಂಗುದೆ ನೋಡೆಕ್ಕು. ಬೇರಿಂಗು ಸಡಿಲ ಆಗಿ ಕ್ರಾಂಕು ಆಡಿರೆ ಹೊಸ ಸೀಲುದೆ ಬಾಳಿಕೆ ಬಾರ. ಬೇರಿಂಗು ಬದಲುಸೆಕ್ಕಾರೆ ಎಂಜಿನಿನ ಎರಡು ಹೋಳು ಮಾಡೆಕ್ಕಾವುತ್ತು. ಒಂದರಿ ಬಿಡುಸಿದ ಮತ್ತೆ ಕನೆಕ್ಟಿಂಗ್ ರಾಡಿನ ಬೇರಿಂಗು, ಗೇರಿನ ಹಲ್ಲು, ಕ್ಲಚ್ ಪ್ಲೇಟು, ಪ್ರೈಮರಿ ಚೈನು ಎಲ್ಲ ನೋಡಿಯೇ ಮುಚ್ಚೆಕ್ಕು. ಇಲ್ಲದ್ದರೆ ಕೂಲಿ ಎರಡೆರಡು ಸರ್ತಿ.

ಹಳೆ ಮೋಡೆಲಿನ ಇನ್ನೊಂದು ಕಿರಿಕಿರಿ ಕಿಡಿಯ ಪಾಯಿಂಟು. ಅದರ ಎಡೆ ಸುಮಾರು 0.4 ಮಿಲಿಮೀಟರು. ಅದು ಸವದು ವೆತ್ಯಾಸ ಆದರೆ ಕಿಡಿಯ ಹೊತ್ತು ತಪ್ಪುತ್ತು, ಕಿಕ್ ಹೊಡದು ಹೊಡದು ಕಾಲು ಬೇನೆ. ಸೈಲೆನ್ಸರಿನ ಒಳ ಹೊತ್ತದ್ದೆ ಒಳುದ ಎಣ್ಣೆ ಕರಿ ಕಟ್ಟಿರೆ ಹೊಗೆ ಹೋಪಲೆ ದಾರಿ ಇಲ್ಲೆ, ಎಳವ ಶಕ್ತಿ ಇಳಿತ್ತು. ಒಳಾಣ ಬಾಫಲ್ ತೆಗದು ಕೆರಸಿ ತೊಳದರೆ ಅರ್ಧ ರೋಗ ಹೋತು. ನಮ್ಮ ಮಳೆಗೆ ಟಾಂಕಿಯ ಒಳವುದೆ ತುಕ್ಕು ಹಿಡಿತ್ತು. ಹೆರಂದ ಬಣ್ಣ ಹಾಕಿ, ಒಳ ತುಕ್ಕು ಹಾಂಗೇ ಬಿಟ್ಟರೆ ಅದು ಕಾರ್ಬುರೇಟರಿಂಗೆ ಬಂದು ಕಟ್ಟುತ್ತು. ಈಗಾಣ ಪೆಟ್ರೋಲಿಲಿ ಎಥನಾಲುದೆ ಬೆರಸುತ್ತವು, ಅದು ನೀರು ಎಳೆತ್ತು, ಹಳೆ ರಬ್ಬರು ಪೈಪಿಂಗೂ ಆಗ. ಪೈಪು ಹೊಸತ್ತೇ ಹಾಕ್ಸಿ.

ಈಗ ಮಕ್ಕೊ ಪೈಸೆ ಕೇಳಿಗೊಂಡು ಬಂದಪ್ಪಗ ನಾವು ಕೇಳೆಕ್ಕಾದ ಪ್ರಶ್ನೆಗೊ. ಸುರುವಿಂಗೆ ಆರ್.ಸಿ. ಎಲ್ಲಿದ್ದು? 15 ವರ್ಷ ಕಳುದ ಬೈಕಿಂಗೆ 5 ವರ್ಷಕ್ಕೊಂದರಿ ನವೀಕರಣ ಬೇಕು. ಆರ್.ಸಿ.ಲಿಪ್ಪ ನಂಬ್ರವೂ ಎಂಜಿನಿಲಿ, ಚಾಸಿಲಿ ಇಪ್ಪ ನಂಬ್ರವೂ ಒಂದೇಯೋ? ಕಾಗದ ಸರಿ ಇಲ್ಲದ್ದರೆ ಒಂದು ಪೈಸೆಯೂ ಹಾಕೆಡಿ. ಎರಡನೇದು, ಎಂಜಿನು ಬಿಡುಸುತ್ತವೋ ಇಲ್ಲೆಯೋ? ಮೂರನೇದು, ತೆಗದ ಹಳೆ ಸೀಲು, ಬೇರಿಂಗು ವಾಪಾಸು ಕೊಡ್ತವೋ? ನಾಲ್ಕನೇದು, ಜೋಡಿಸಿದ ಮತ್ತೆ ಬಾಯಿಗೊ ಎಲ್ಲ ಮುಚ್ಚಿ, ಗೂಡಿಂಗೆ ರಜ ಗಾಳಿ ಕೊಟ್ಟು, ನಿಲ್ಲುತ್ತೋ ಹೇಳಿ ನೋಡ್ತವೋ? ಇದರ ಕೇಳಿದರೆ ನಿಜವಾದ ಮೇಸ್ತ್ರಿಗೆ ಕೊಶಿ ಆವುತ್ತು, ಬರೇ ಬಣ್ಣದವಂಗೆ ಕೋಪ ಬತ್ತು. ಆರು ಹೇಂಗೆ ಹೇಳಿ ಅಲ್ಲಿಯೇ ಗೊಂತಾವುತ್ತು.

"ಎಲ್ಲ ಒರಿಜಿನಲ್ ಇರೆಕ್ಕು, ಹೊಸತ್ತು ಹಾಕಿರೆ ಬೆಲೆ ಹೋವುತ್ತು" ಹೇಳುವೋರುದೆ ಇದ್ದವು. ಹೆರಾಣ ರೂಪಕ್ಕೆ ಆನು ಒಪ್ಪುತ್ತೆ. ಆದರೆ ಸೀಲು, ಬೇರಿಂಗು, ಬ್ರೇಕಿನ ಶೂ ಇದೆಲ್ಲ ಸವದು ಹೋಪಲೇ ಮಾಡಿದ್ದು. ಅಜ್ಜಿಯ ಕಡವ ಕಲ್ಲು ಹಳತ್ತಿರಲಿ, ಅದಕ್ಕೆ ಹಾಕುವ ಅಕ್ಕಿಯೂ ಹಳತ್ತೇ ಆಯೆಕ್ಕು ಹೇಳಿ ಇದ್ದಾ? "ಇಷ್ಟು ಪೈಸೆಗೆ ಹೊಸ ಸ್ಕೂಟರು ಬತ್ತು" ಹೇಳುವೋರ ಮಾತಿಲಿಯುದೆ ಸತ್ಯ ಇದ್ದು. ದಿನಾಗುಳೂ ಪೇಟೆಗೆ ಹೋಪಲೆ ಆದರೆ ಸ್ಕೂಟರೇ ತೆಕ್ಕೊಳ್ಳಿ. ಹಳೆ ಬೈಕಿನ ಮಡಿಕ್ಕೊಂಬದು ಅದರ ನೋಡಿಗೊಂಬಲೆ ಹೊತ್ತಿಪ್ಪೋರು ಮಾಂತ್ರ. ಪ್ರತಿ ಸರ್ತಿ ಪೆಟ್ರೋಲು ಹಾಕುವಗ ಎಣ್ಣೆ ಅಳದು ಹಾಕೆಕ್ಕು. ಹಳೆ ಲೆಕ್ಕ 25ಕ್ಕೆ 1, ಹೇಳಿರೆ ಲೀಟರಿಂಗೆ 40 ಮಿಲಿ. ಮರದರೆ ಎಂಜಿನು ಕ್ಷಮಿಸುತ್ತಿಲ್ಲೆ.

ಮಾವನ ಬೈಕಿನ ಕೆಲಸ ಎಂಗೊ ಹೀಂಗೇ ಮಾಡ್ಸಿದ್ದು. ಎಂಜಿನು, ಬ್ರೇಕು, ವಯರು ಆತು. ಬಣ್ಣಕ್ಕೆ ಪೈಸೆ ಒಳುದ್ದಿಲ್ಲೆ. ಟಾಂಕಿಲಿ ಹಳೆ ಬಣ್ಣವೇ ಇದ್ದು, ಗೋಣಿ ಉದ್ದಿದ ಗೀರು ಸಮೇತ. ನೋಡಿದೋರು "ಇದಕ್ಕೆಂತ ಮಾಡ್ಸಿದ್ದಿ?" ಹೇಳಿ ಕೇಳ್ತವು. ಮಾಣಿ ಘಾಟಿ ಹತ್ತಿ ಹೊತ್ತೋಪಗ ಮನೆಗೆ ಬತ್ತ, ಎನಗೆ ಅಷ್ಟು ಸಾಕು.

ನಿಂಗಳ ಮನೆಲಿಯುದೆ ಆರಾದರೂ ಬಣ್ಣದ ಪುಸ್ತಕ ಹಿಡ್ಕೊಂಡು ಬಂದರೆ, ಮದಾಲು ಸೀಲಿನ ಬಿಲ್ಲು ಕೇಳಿ.