ತಕ್ಕಡಿಗೆ ಮುದ್ರೆ, ಸೂಕ್ಷ್ಮದರ್ಶಕಕ್ಕೆ ತಾಳೆ

ಅಂಗಡಿಯ ತಕ್ಕಡಿಯನ್ನು ನಿಗದಿತ ಅವಧಿಗೊಮ್ಮೆ ಪರಿಶೀಲನೆಗೊಳಪಡಿಸಿ ಮುದ್ರೆ ಹಾಕಿಸಬೇಕೆಂಬುದನ್ನು ವರ್ತಕರೆಲ್ಲರೂ ಬಲ್ಲರು. ಬಹುಬೆಲೆಯ ರೋಹಿತ ಚಿತ್ರಣ ಸೂಕ್ಷ್ಮದರ್ಶಕವೂ ಒಂದು ತಕ್ಕಡಿಯೇ. ಅದು ತೂಗುವುದು ಬೆಳಕನ್ನು.

ಸಾಮಾನ್ಯ ಕ್ಯಾಮೆರಾ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳನ್ನಷ್ಟೇ ದಾಖಲಿಸುತ್ತದೆ. ಈ ಉಪಕರಣವಾದರೋ ಚಿತ್ರದ ಪ್ರತಿಯೊಂದು ಬಿಂದುವಿನ ಬೆಳಕನ್ನು ಹತ್ತಾರು ತರಂಗಾಂತರಗಳಾಗಿ ವಿಂಗಡಿಸುತ್ತದೆ. ನೂಲಿನ ಎಳೆಯ ಬಣ್ಣವನ್ನಾಗಲಿ, ಔಷಧದ ಮಾತ್ರೆಯೊಳಗಿನ ಮಿಶ್ರಣವನ್ನಾಗಲಿ ಗುರುತಿಸಲು ಇದರಿಂದ ಸಾಧ್ಯ. ಆದರೆ ತರಂಗಾಂತರದ ಅಳತೆಯೇ ತಪ್ಪಿದರೆ ಒಳ್ಳೆಯ ಸರಕು ತಿರಸ್ಕೃತವಾಗಬಹುದು, ಕೆಟ್ಟದ್ದು ತೇರ್ಗಡೆಯಾಗಬಹುದು. ಎರಡರಲ್ಲಿಯೂ ನಷ್ಟ ಉತ್ಪಾದಕನದೇ.

ತಾಳೆ ನೋಡುವ ಕ್ರಮ ಕಠಿಣವಲ್ಲ. ಪಾದರಸದ ದೀಪವು 404.7, 435.8 ಮತ್ತು 546.1 ನ್ಯಾನೊಮೀಟರ್‌ಗಳಲ್ಲಿ ಸ್ಪಷ್ಟ ರೇಖೆಗಳನ್ನು ಹೊರಸೂಸುತ್ತದೆ. ಇವು ನಿಸರ್ಗವೇ ನಿಗದಿಪಡಿಸಿದ ಅಂಕಿಗಳು. ಯಾವ ತಯಾರಕನೂ ಬದಲಿಸಲಾರನು. 546.1ರ ರೇಖೆಯನ್ನು ಉಪಕರಣವು 550 ಎಂದು ತೋರಿಸಿದರೆ ಸುಮಾರು 4 ನ್ಯಾನೊಮೀಟರ್ ದೋಷವಿದೆಯೆಂದೇ ಅರ್ಥ. ಅಮೆರಿಕದ ಸಂಶೋಧಕರಾದ ರಾಬರ್ಟ್ ಜುಕರ್ ಹಾಗೂ ಜೆರೆಮಿ ಲರ್ನರ್ ಅವರು ಇಂತಹ ದೀಪವನ್ನು ಬಳಸಿ ಪರೀಕ್ಷಿಸುವ ವಿಧಾನವನ್ನು 2005ರಲ್ಲಿಯೇ ಪ್ರಕಟಿಸಿದ್ದಾರೆ. ಇದರೊಂದಿಗೆ, ಬೆಳಕಿಲ್ಲದಾಗಲೂ ಸಂವೇದಕ ತೋರುವ ಸಂಕೇತವನ್ನು ಕಳೆಯಬೇಕು. ದೃಶ್ಯಕ್ಷೇತ್ರದಲ್ಲಿ ಬೆಳಕು ಏಕರೂಪವಾಗಿದೆಯೇ ಎಂದು ನೋಡಬೇಕು. ಸಂವೇದಕವು ಎಲ್ಲ ಬಣ್ಣಗಳಿಗೂ ಸಮನಾಗಿ ಸ್ಪಂದಿಸುವುದಿಲ್ಲವಾದ್ದರಿಂದ, ಪ್ರಮಾಣಿತ ಬೆಳಕಿನ ಮೂಲದೊಡನೆ ತೀವ್ರತೆಯನ್ನೂ ಸರಿದೂಗಿಸಬೇಕು.

ಉಪಕರಣದ ತಂತ್ರಾಂಶವೇ 'ಎಲ್ಲವೂ ಸರಿ' ಎಂದು ಹೇಳುತ್ತದಲ್ಲ ಎಂಬ ವಾದವುಂಟು. ತಾಳೆಪಟ್ಟಿ ಕೂಡಿಬಂದ ಮಾತ್ರಕ್ಕೆ ಲೆಕ್ಕ ಸರಿಯೆಂದಾಗದು. ಬ್ಯಾಂಕಿನ ಪಾಸ್‌ಪುಸ್ತಕದೊಡನೆ ಹೋಲಿಸಿದಾಗಲೇ ಬಿಟ್ಟುಹೋದ ನಮೂದು ಹೊರಬರುತ್ತದೆ. ಇಲ್ಲಿ ಆ ದೀಪವೇ ಪಾಸ್‌ಪುಸ್ತಕ.

ಖರ್ಚಿನ ಹೊರೆ ಸಣ್ಣ ಘಟಕಗಳಿಗೆ ಕಷ್ಟವೆಂಬುದು ನಿಜ. ಆದರೆ ದೀಪದ ಬೆಲೆ ಉಪಕರಣದ ಬೆಲೆಯ ಅಲ್ಪಾಂಶ. ನಾಲ್ಕಾರು ಘಟಕಗಳು ಕೂಡಿ ಒಂದನ್ನು ಹೊಂದಬಹುದು. ಉಪಕರಣ ಕೊಳ್ಳುವವರು ತಾಳೆಯ ಹೊಣೆ ಯಾರದು, ಎಷ್ಟು ಅವಧಿಗೊಮ್ಮೆ ಎಂಬುದನ್ನು ಖರೀದಿ ಕರಾರಿನಲ್ಲಿಯೇ ಬರೆಸಿಕೊಳ್ಳತಕ್ಕದ್ದು. ವಾರ್ಷಿಕ ವೆಚ್ಚದಲ್ಲಿ ಅದಕ್ಕೆ ಹಣ ತೆಗೆದಿರಿಸತಕ್ಕದ್ದು. ದುರಸ್ತಿಯಾದಾಗಲೆಲ್ಲ ಮರುಪರೀಕ್ಷೆ ಮಾಡಿಸತಕ್ಕದ್ದು. ಹೊರಗಿನ ಪ್ರಯೋಗಾಲಯವನ್ನು ಅವಲಂಬಿಸುವವರು ಐಎಸ್‌ಒ/ಐಇಸಿ 17025ರ ಮಾನ್ಯತೆ ಆ ನಿರ್ದಿಷ್ಟ ಪರೀಕ್ಷೆಗೂ ಅನ್ವಯಿಸುತ್ತದೆಯೇ ಎಂದು ವಿಚಾರಿಸಬೇಕು, ಉಪಕರಣವನ್ನು ಕೊನೆಯ ಬಾರಿ ತಾಳೆ ನೋಡಿದ ದಿನಾಂಕವನ್ನೂ ಕೇಳಬೇಕು.

ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದ ಸರಕನ್ನು ಒಪ್ಪದ ವರ್ತಕನು, ತಾಳೆಯಿಲ್ಲದ ಉಪಕರಣದ ವರದಿಯನ್ನು ಒಪ್ಪಲು ಕಾರಣವಿಲ್ಲ.