ಹುಡುಗನ ಹುಚ್ಚು, ಮನೆಯ ಮೌನ

ಮನೆಗೆ ಬಂದ ಹಿರಿಯರೆದುರು ತಾಯಿತಂದೆಗಳು ಮಕ್ಕಳ ಮೇಲೆ ಹೇಳುವ ದೂರುಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿವೆ. ಒಂದು ಕಾಲಕ್ಕೆ ‘ಬಾವಿಯಲ್ಲಿ ಈಜಲು ಹೋಗುತ್ತಾನೆ’ ಎಂಬುದು ದೂರು. ಮುಂದೆ ‘ಟೂರಿಂಗ್ ಟಾಕೀಸಿಗೆ ಹೋಗುತ್ತಾನೆ’ ಎಂಬುದು. ಇಂದು ‘ಮೊಬೈಲು ಬಿಡುವುದೇ ಇಲ್ಲ’ ಎಂಬುದು. ದೂರು ಹೇಳುವವರ ಸಂಕಟ ಸುಳ್ಳಲ್ಲ. ಆದರೆ ದೂರಿಗೆ ಗುರಿಯಾದ ಹುಡುಗನ ಮಾತನ್ನು ಮನೆಯಲ್ಲಿ ಯಾರಾದರೂ ಕೇಳಿದ್ದಾರೆಯೇ ಎಂಬ ಪ್ರಶ್ನೆ ಇತ್ತೀಚೆಗೆ ನಮ್ಮನ್ನು ಕಾಡತೊಡಗಿದೆ. ಅದಕ್ಕೆ ಕಾರಣವಾದ ಪ್ರಸಂಗವನ್ನೇ ಈ ತಿಂಗಳು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಬಂಧುಗಳೊಬ್ಬರ ಹೊಸ ಮನೆಯ ಗುರುಪ್ರವೇಶಕ್ಕೆಂದು ನಾವು ಸಿರವಾರಕ್ಕೆ ಹೋಗಿದ್ದೆವು. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಪೂಜೆ ಮುಗಿದು, ಪ್ರಸಾದ ಸ್ವೀಕರಿಸಿ, ಬಂದವರೆಲ್ಲ ಚದುರಿದ ಮೇಲೆ ಮನೆಯ ಯಜಮಾನರು ನಮ್ಮ ಪಕ್ಕಕ್ಕೆ ಬಂದು ಕುಳಿತು ದನಿ ತಗ್ಗಿಸಿದರು.

“ನಮ್ಮ ಸಣ್ಣ ಮಗಗ ಒಂದೀಟು ಬುದ್ಧಿ ಹೇಳ್ರಿ. ರಾಯಚೂರಾಗ ಕಾಲೇಜು ಓದ್ತಾನ. ಮನಿಗೆ ಬಂದ್ರ ಸಾಕು, ಬಾಗಿಲು ಹಾಕ್ಕೊಂಡು ಜಪಾನದ ಕಾರ್ಟೂನು, ಇಲ್ಲಾಂದ್ರ ಆಟ. ಇಪ್ಪತ್ತು ವರ್ಷದ ಗಂಡುಮಗ ಕಾರ್ಟೂನು ನೋಡಿ ಕಣ್ಣೀರು ಹಾಕ್ತಾನಂದ್ರ ಮಂದಿ ಏನಂದಾರು?”

ಬಾಗಿಲ ಬಳಿ ನಿಂತಿದ್ದ ತಾಯಿ ಒಂದೇ ಮಾತು ಸೇರಿಸಿದರು: “ನೋಡಿದ್ರ ನೋಡ್ಲಿ ಬಿಡ್ರಿ. ನಮ್ಮ ಜೋಡಿ ಮಾತಾಡೂದ ಬಿಟ್ಟಾನ.”

ತಂದೆಯ ದೂರಿಗಿಂತ ತಾಯಿಯ ಆ ಮಾತೇ ನಮ್ಮ ಮನಸ್ಸಿಗೆ ನಾಟಿತು. ಬುದ್ಧಿ ಹೇಳುವುದನ್ನು ಆಮೇಲೆ ನೋಡೋಣವೆಂದು ಹುಡುಗನ ಕೋಣೆಗೆ ಹೋದೆವು. ಗೋಡೆಯ ಮೇಲೆ ಅವನೇ ಸೀಸದ ಕಡ್ಡಿಯಿಂದ ಬರೆದ ಹತ್ತಾರು ಮುಖಗಳಿದ್ದವು. “ಇವರೆಲ್ಲ ಯಾರಪ್ಪ? ಇವರ ಕಥೆ ಏನು?” ಎಂದು ಕೇಳಿದೆವು. ಹುಡುಗ ನಮ್ಮ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಕಾಕಾರ, ಖರೇನ ಕೇಳಕತ್ತೀರೇನ್ರಿ?” ಎಂದ. ನಗೆಯಾಡುವುದಕ್ಕಲ್ಲದೆ ಯಾರೂ ಅವನನ್ನು ಈ ವಿಷಯ ಕೇಳಿರಲಿಲ್ಲವೆಂಬುದು ಆ ಒಂದು ಪ್ರಶ್ನೆಯಲ್ಲೇ ತಿಳಿಯಿತು. ಅಲ್ಲಿಂದ ಮುಂದೆ ಎರಡು ತಾಸು ಅವನು ಹೇಳಿದ, ನಾವು ಕೇಳಿದೆವು.

ಜಪಾನಿನಲ್ಲಿ ತಯಾರಾಗುವ ಚಲಿಸುವ ಚಿತ್ರಗಳಿಗೆ ‘ಅನಿಮೆ’ ಎಂದು ಹೆಸರು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಕಣ್ಣೆದುರು ಹಾದುಹೋಗುತ್ತವೆ. ಅಷ್ಟಕ್ಕೂ ಬೇರೆಬೇರೆ ಚಿತ್ರ ಬರೆಯುವುದು ಬಡ ಸಂಸ್ಥೆಗಳಿಗೆ ಆಗದ ಮಾತು. 1963ರಲ್ಲಿ ಒಸಾಮು ತೆಜುಕಾ ಎಂಬ ಚಿತ್ರಗಾರರು ‘ಆಸ್ಟ್ರೋ ಬಾಯ್’ ಎಂಬ ಧಾರಾವಾಹಿಯನ್ನು ಕಿರುತೆರೆಗೆ ತಂದಾಗ ಒಂದೊಂದು ಚಿತ್ರವನ್ನು ಹಲವು ಚೌಕಟ್ಟುಗಳ ಕಾಲ ನಿಲ್ಲಿಸಿ, ಬಾಯಿ ಮಾತ್ರ, ಕಣ್ಣು ಮಾತ್ರ ಚಲಿಸುವಂತೆ ಮಾಡಿ, ಕಡಿಮೆ ಖರ್ಚಿನಲ್ಲಿ ವಾರವಾರವೂ ಕಥೆ ಹೇಳುವ ದಾರಿಯನ್ನು ಹಿಡಿದರು. ಬಡತನ ಕಲಿಸಿದ ಆ ಉಪಾಯವೇ ಮುಂದೆ ಒಂದು ಶೈಲಿಯಾಗಿ ಬೆಳೆಯಿತಂತೆ.

ವಿಡಿಯೋ ಆಟಗಳ ಕಥೆಯೂ ಹಾಗೆಯೇ. ಲೋಕಪ್ರಸಿದ್ಧವಾದ ನಿಂಟೆಂಡೊ ಸಂಸ್ಥೆ 1889ರಲ್ಲಿ ಕ್ಯೋಟೋ ನಗರದಲ್ಲಿ ಹುಟ್ಟಿದ್ದು ಇಸ್ಪೀಟಿನಂತಹ ಎಲೆಗಳನ್ನು ತಯಾರಿಸುವುದಕ್ಕಾಗಿ. 1996ರಲ್ಲಿ ಬಂದ ‘ಪೋಕೆಮಾನ್’ ಆಟವನ್ನು ಕಲ್ಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳುಹುಪ್ಪಡಿಗಳನ್ನು ಹಿಡಿದು ಕೂಡಿಡುವ ಹುಡುಗನಾಗಿದ್ದ. ಊರು ಬೆಳೆದು ಹೊಲಗದ್ದೆಗಳು ಮಾಯವಾದಾಗ, ಆ ಸಂತೋಷ ಮುಂದಿನ ಮಕ್ಕಳಿಗೂ ಸಿಗಲೆಂದು ಅದನ್ನು ಆಟದೊಳಗೆ ಇಟ್ಟ. “ನಾವೂ ಸಣ್ಣವರಿದ್ದಾಗ ಜ್ವಾಳದ ಹೊಲದಾಗ ಹುಳ ಹಿಡದು ಕಡ್ಡಿಪೆಟ್ಟಿಗ್ಯಾಗ ಹಾಕ್ತಿದ್ವಿ ಅಲ್ರೀ” ಎಂದು ಹುಡುಗ ನಕ್ಕ.

“ಅದಿರಲಿ, ಕಣ್ಣೀರು ಹಾಕಿದ್ದು ಯಾವುದಕ್ಕೆ?” ಎಂದು ಕೇಳಿದೆವು. ಅವನು ನಾಚಿಕೊಂಡ, ಆಮೇಲೆ ಹೇಳಿದ. ಅದು ಇಸಾವೊ ತಕಾಹಾತಾ ಅವರು ನಿರ್ದೇಶಿಸಿದ, 1988ರಲ್ಲಿ ಬಿಡುಗಡೆಯಾದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಎಂಬ ಚಿತ್ರ. 1945ರ ಯುದ್ಧಕಾಲ, ಕೋಬೆ ನಗರದ ಮೇಲೆ ಬೆಂಕಿಬಾಂಬುಗಳ ಮಳೆ. ತಾಯಿಯನ್ನು ಕಳೆದುಕೊಂಡ ಹದಿನಾಲ್ಕರ ಹುಡುಗ ನಾಲ್ಕು ವರ್ಷದ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಡುತ್ತಾನೆ. ಬಂಧುಗಳ ಮನೆಯಲ್ಲಿ ಅನ್ನಕ್ಕೆ ಕುಹಕದ ಮಾತು ಕೇಳಲಾರದೆ ಇಬ್ಬರೂ ಕೆರೆದಂಡೆಯ ಗುಹೆಯೊಂದರಲ್ಲಿ ಸಂಸಾರ ಹೂಡುತ್ತಾರೆ. ಕತ್ತಲಿಗೆ ಮಿಂಚುಹುಳುಗಳನ್ನು ಹಿಡಿದು ತಂದು ದೀಪ ಮಾಡಿಕೊಳ್ಳುತ್ತಾರೆ. ಹಿಟ್ಟಿಲ್ಲ, ಅಕ್ಕಿಯಿಲ್ಲ.

ಹುಡುಗ ಹೇಳುತ್ತಿದ್ದಂತೆ ಕೋಣೆಯಲ್ಲಿ ಮೌನ ಕವಿಯಿತು. ನಾವು ತಿರುಗಿ ನೋಡಿದರೆ ತಾಯಿ ಬಾಗಿಲಿಗೆ ಒರಗಿ ಕೇಳುತ್ತಿದ್ದರು.

“ಆ ಕೂಸು ಉಳೀತೇನೋ?” ಎಂದು ಕೇಳಿದರು.

“ಇಲ್ಲವ್ವ. ಹಸಿವಿಲೆ ಹೋತು. ಅಣ್ಣನೂ ಉಳಿಯಲಿಲ್ಲ.”

ತಾಯಿ ಸೆರಗಿನಿಂದ ಕಣ್ಣೊರಸಿಕೊಂಡರು. ಆ ಕ್ಷಣದಲ್ಲಿ ಯಜಮಾನರ ದೂರಿಗೆ ಉತ್ತರ ಕೊಡುವ ಕೆಲಸ ನಮಗೆ ಉಳಿಯಲಿಲ್ಲ. ಹಸಿದ ಮಗುವಿನ ಕಥೆಗೆ ಕಣ್ಣೀರು ತರುವ ಗಂಡುಮಗನನ್ನು ಕಂಡು ನಾಚಬೇಕಾದ ಕಾರಣವೇನಿದೆ? ದಯೆಯನ್ನೇ ಮೂಲವೆಂದು ನಂಬಿದ ಮನೆಗಳು ನಮ್ಮವು.

ಸಂಜೆ ಕಟ್ಟೆಯ ಮೇಲೆ ಕುಳಿತಾಗ ಈ ಮಾತು ಮನೆಯ ಹಿರಿಯ ಜೀವವಾದ ಮುತ್ಯಾನ ಕಿವಿಗೂ ಬಿತ್ತು. ಅವರು ಗಟ್ಟಿಯಾಗಿ ನಕ್ಕರು. “ಇವರಪ್ಪ ಇವಗ ಬರೇ ಬೈತಾನ. ನಮ್ಮಪ್ಪ ನನಗ ಬಾರಕೋಲು ತಗೊಂಡಿದ್ದ. ಬಯಲಾಟ ನೋಡಾಕ ಮೂರು ಹರದಾರಿ ನಡದು ಹೋಗಿ, ಬೆಳತನಕ ಕುಂತು, ಮರುದಿನ ಎತ್ತು ಹೂಡೂದು ಮರತಿದ್ದೆ. ಆದ್ರ ಒಂದೈತಿ ನೋಡ್ರಿ. ಬಂದು ನಮ್ಮವ್ವಗ ಇಡೀ ಕಥಿ ಹೇಳ್ತಿದ್ದೆ. ಆಕಿ ರೊಟ್ಟಿ ಬಡಕೋಂತ ಕೇಳ್ತಿದ್ಲು.”

ಮುತ್ಯಾ ಇನ್ನೂ ಒಂದು ನೆನಪು ತೆಗೆದರು. ಹೆಂಡತಿಯ ತವರೂರಿನ ಶಾಲೆಯ ಮುಂದೆ ‘ಮಾತಾಡುವ ಪೆಟ್ಟಿಗೆ’ ನೋಡಲು ಊರಿಗೆ ಊರೇ ಚಾಪೆ ಹಾಸಿಕೊಂಡು ಕೂಡುತ್ತಿದ್ದುದನ್ನು ಅವರು ಕಂಡಿದ್ದರು. ಆ ಪೆಟ್ಟಿಗೆಯ ಚರಿತ್ರೆಯನ್ನು ನಮ್ಮ ಕಿರಿಯರು ತಿಳಿಯಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹವೊಂದರ ನೆರವಿನಿಂದ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ನೇರವಾಗಿ ಆಕಾಶದಿಂದ ಇಳಿದು ಬಂದವು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗಕ್ಕೆ ವಿಕ್ರಮ್ ಸಾರಾಭಾಯಿ ಅವರ ಕನಸೇ ಮೂಲ. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಈ ಬರಸೀಮೆಯ ಮಕ್ಕಳು ಶಾಲೆಯ ಅಂಗಳದಲ್ಲಿ ಟೀವಿ ನೋಡಿದರು, ಕನ್ನಡದಲ್ಲಿ ನೋಡಿದರು, ಎಲ್ಲರೂ ಕೂಡಿ ನೋಡಿದರು.

ಮುಂದೆ 1987ರಲ್ಲಿ ‘ರಾಮಾಯಣ’ ಧಾರಾವಾಹಿ ಬಂದಾಗ ಭಾಷೆ ಹಿಂದಿಯಾದರೂ ಕೂಟ ಒಡೆಯಲಿಲ್ಲ. ಟೀವಿ ಇದ್ದ ಮನೆಯ ಪಡಸಾಲೆ ಭಾನುವಾರ ಬೆಳಿಗ್ಗೆ ಓಣಿಯವರದೆಲ್ಲ ಆಗುತ್ತಿತ್ತು. ಹಿಂದಿ ತಿಳಿದವರು ತಿಳಿಯದವರಿಗೆ ಬಿಡಿಸಿ ಹೇಳುತ್ತಿದ್ದರು. 1993ರಲ್ಲಿ ದೂರದರ್ಶನದಲ್ಲಿ ಮೋಗ್ಲಿಯ ಕಥೆ ‘ಜಂಗಲ್ ಬುಕ್’ ಬಂತು. ಅಂದು ಮಕ್ಕಳ ಜೊತೆ ನೋಡಿ ನಲಿದ ತಂದೆಯರಿಗೆ, ಅದು ಜಪಾನಿನಲ್ಲಿ ತಯಾರಾದ ಅನಿಮೆಯೆಂಬುದು ತಿಳಿದಿರಲಿಲ್ಲ. ನಮ್ಮ ಯಜಮಾನರೂ ಅದನ್ನು ತಪ್ಪದೆ ನೋಡಿದವರೇ! ಮಗ ಈ ಗುಟ್ಟನ್ನು ಹೇಳಿದಾಗ ಅವರು, “ಹಂಗಾರ ನಾನೂ ಅದರಾಗ ಕೂಡಿದಾಂವನ ಅನ್ನು” ಎಂದು ಮೊದಲ ಬಾರಿಗೆ ನಕ್ಕರು.

ಬದಲಾಗಿರುವುದು ಚಿತ್ರವಲ್ಲ, ಆಟವೂ ಅಲ್ಲ. ಪಕ್ಕದಲ್ಲಿ ಕುಳಿತವರು ಎದ್ದುಹೋಗಿದ್ದಾರೆ. ಶಾಲೆಯ ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಕೋಣೆಗೆ, ಕೋಣೆಯಿಂದ ಅಂಗೈಗೆ ಪರದೆ ಕಿರಿದಾಗುತ್ತ ಬಂದಂತೆ ನೋಡುವವನು ಒಂಟಿಯಾದ. ಒಂಟಿಯಾದವನಿಗೆ ‘ಇದು ನಿನ್ನ ಹುಚ್ಚು’ ಎಂದು ನಾವೇ ಹೆಸರಿಟ್ಟೆವು.

ಭಾಷೆಯೂ ಇದೇ ದಾರಿಯಲ್ಲಿ ಜಾರಿಹೋಯಿತು. ಈ ಹುಡುಗ ಸಣ್ಣವನಿದ್ದಾಗ ‘ಡೋರೆಮಾನ್’ ನೋಡಿ ಹಿಂದಿ ಕಲಿತ. ನೆರೆಯ ಸೀಮೆಯ ತೆಲುಗು ಮೊದಲೇ ಬರುತ್ತಿತ್ತು. ಕನ್ನಡದಲ್ಲಿ ನೋಡೋಣವೆಂದರೆ ಹೆಚ್ಚಿಗೆ ಏನೂ ಇರಲಿಲ್ಲ. 1960ರ ದಶಕದಲ್ಲಿ, ಕನ್ನಡ ಚಿತ್ರರಂಗ ಇನ್ನೂ ಎಳೆಯದಾಗಿದ್ದಾಗ, ಅದರ ಉಳಿವಿಗಾಗಿ ಡಬ್ಬಿಂಗ್ ಬೇಡವೆಂಬ ಚಳವಳಿ ನಡೆಯಿತು. ಅಂದಿನ ಹಿರಿಯರ ಕಳಕಳಿ ಪ್ರಾಮಾಣಿಕವಾದದ್ದು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಈ ತಡೆಯನ್ನು ಸರಿಯಲ್ಲವೆಂದಿತು. ನಡುವಿನ ಐದು ದಶಕಗಳಲ್ಲಿ 2009ರಲ್ಲಿ ಬಂದ ‘ಚಿಂಟು’ ವಾಹಿನಿಯಂತಹ ಕೆಲವನ್ನು ಬಿಟ್ಟರೆ ನಮ್ಮ ಮಕ್ಕಳ ಕನಸಿನ ಲೋಕ ಬೇರೆ ಭಾಷೆಗಳಲ್ಲೇ ಮಾತಾಡಿತು. ಯುಗೋ ಸಾಕೋ ಅವರು ನಮ್ಮ ರಾಮ್ ಮೋಹನ್ ಮುಂತಾದವರೊಂದಿಗೆ ಕೂಡಿ ಮಾಡಿದ ಜಪಾನಿ-ಭಾರತೀಯ ರಾಮಾಯಣ ಚಿತ್ರ 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗುಗಳಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಅದೇ ವರ್ಷ ಜುಲೈಯಲ್ಲಿ, ಕನ್ನಡದ ಸಂಸ್ಥೆಯೊಂದು ಅರ್ಪಿಸಿದ ‘ಮಹಾವತಾರ್ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲೂ ತೆರೆಕಂಡಿತೆಂಬುದು ಸಮಾಧಾನದ ಸಂಗತಿ.

ಹಾಗೆಂದು ಎಲ್ಲವೂ ಸರಿಯೆಂದು ನಾವು ಹೇಳುವುದಿಲ್ಲ. ಹುಡುಗನಿಗೆ ಪರೀಕ್ಷೆಯಲ್ಲಿ ಒಂದು ವಿಷಯ ಬಾಕಿ ಉಳಿದಿತ್ತು. ರಾತ್ರಿ ಎರಡರವರೆಗೆ ಆಡುವ ರೂಢಿಯೂ ಇತ್ತು. ಅದನ್ನು ಅವನೆದುರೇ ಆಡಿದೆವು, ಅವನು ಅಲ್ಲಗಳೆಯಲಿಲ್ಲ. ಆಟ ಕೈಮೀರಿದಾಗ ಅದು ಕಾಯಿಲೆಯೂ ಆಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಬಿಡಬೇಕೆಂದರೂ ಬಿಡಲಾಗದಿರುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಮುಂದುವರಿಸುವುದು, ಇದು ಬಹುಕಾಲ ನಡೆಯುವುದು ಅದರ ಗುರುತುಗಳು. ಇಂತಹವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯ ಆರಂಭವಾಯಿತು. ಹಣ ಕಟ್ಟಿ ಆಡುವ ಆಟಗಳಂತೂ ಜೂಜೇ ಸರಿ. ಅವುಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿತು. ಆದರೆ ಬೀಳುತ್ತಿರುವವನನ್ನು ಗುರುತಿಸಬೇಕಾದರೂ ಮೊದಲು ಅವನ ಪಕ್ಕದಲ್ಲಿರಬೇಕಲ್ಲವೆ? ಬಾಗಿಲ ಹೊರಗೆ ನಿಂತು ಬೈಯುವವರಿಗೆ ಚಿತ್ರಕಲೆಯ ಪ್ರೀತಿ ಯಾವುದು, ಜೂಜಿನ ಚಟ ಯಾವುದು ಎಂಬ ಭೇದ ಕಾಣಿಸದು.

ಆ ರಾತ್ರಿ ಕಟ್ಟೆಯ ಮೇಲೆ ಒಂದು ವಿನೋದ ನಡೆಯಿತು. ಹುಡುಗ ಮೊಬೈಲಿನಲ್ಲಿ ತನ್ನ ಆಟವನ್ನು ಮುತ್ಯಾನಿಗೆ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿ, “ಇದರಾಗ ಹುಲಿ ಯಾವುದು, ಕುರಿ ಯಾವುದು?” ಎಂದು ಕೇಳಿದರು. ಮೊಮ್ಮಗನಿಗೆ ಹುಲಿ-ಕುರಿ ಆಟ ಗೊತ್ತಿರಲಿಲ್ಲ. ಮುತ್ಯಾ ಬಳಪದಿಂದ ಬಂಡೆಯ ಮೇಲೆ ಮನೆ ಬರೆದರು, ಹರಳುಗಳನ್ನು ಇಟ್ಟರು. ಮೂರು ಆಟಗಳಲ್ಲಿ ಮೂರನ್ನೂ ಹುಡುಗ ಸೋತ. “ಮುತ್ಯಾ, ಇದು ನನ್ನ ಆಟಕ್ಕಿಂತ ಬಿರಿ ಐತಿ” ಎಂದ. ಯಜಮಾನರು ಪಕ್ಕದಲ್ಲಿ ಕುಳಿತು ಮಗನಿಗೆ ನಡೆ ಹೇಳಿಕೊಡುತ್ತಿದ್ದರು.

ಊರಿಗೆ ಮರಳಿದ ಮೇಲೆ ಒಂದು ತಿಂಗಳು ಬಿಟ್ಟು ಕುಶಲ ವಿಚಾರಿಸಲು ದೂರವಾಣಿ ಮಾಡಿದೆವು. ತಾಯಿಯೇ ಎತ್ತಿಕೊಂಡರು. ಬಾಕಿ ಉಳಿದ ವಿಷಯಕ್ಕೆ ಮಗ ಓದುತ್ತಿದ್ದಾನೆಂದೂ, ರಾತ್ರಿಯ ಆಟ ಇನ್ನೂ ಪೂರ್ತಿ ನಿಂತಿಲ್ಲವೆಂದೂ ಮುಚ್ಚಿಡದೆ ಹೇಳಿದರು. ಆಮೇಲೆ ಅವರ ದನಿ ಬದಲಾಯಿತು.

“ಊರಿಗೆ ಬಂದಾಗೆಲ್ಲ ನಾ ರೊಟ್ಟಿ ಬಡಿಯೂ ಹೊತ್ತಿಗೆ ಒಲಿ ಮುಂದ ಬಂದು ಕೂಡ್ತಾನ್ರೀ. ಆ ಜಪಾನದ ಕಥಿ ಎಲ್ಲಾ ನಮ್ಮ ಮಾತಿನಾಗ ಹೇಳ್ತಾನ. ಅರ್ಧ ನನಗ ತಿಳಿಯಂಗಿಲ್ಲ. ಆದ್ರ ಮಾತಾಡ್ತಾನ.”

ಯಾವ ವಾಹಿನಿಯೂ ಕನ್ನಡಕ್ಕೆ ತಾರದ ಕಥೆಗಳು ಸಿರವಾರದ ಒಂದು ಒಲೆಯ ಮುಂದೆ ಕನ್ನಡವಾಗುತ್ತಿವೆ. ಓದುಗ ಬಂಧುಗಳು ತಮ್ಮ ಮನೆಯ ಮುಚ್ಚಿದ ಬಾಗಿಲನ್ನು ಈ ವಾರ ಒಮ್ಮೆ ತಟ್ಟಲಿ. ಬುದ್ಧಿ ಹೇಳುವುದಕ್ಕಲ್ಲ, ‘ಇವರೆಲ್ಲ ಯಾರಪ್ಪ? ಇವರ ಕಥೆ ಏನು?’ ಎಂದು ಕೇಳುವುದಕ್ಕೆ.